ಸೀಸೆಯ ಮೇಲಿನ ಹೆಸರು, ಸೀಸೆಯೊಳಗಿನ ಕೋಶ

ಕಳೆದ ವರ್ಷ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಜೀವತಂತ್ರಜ್ಞಾನ ವಿದ್ಯಾರ್ಥಿಗಳ ವೈವಾ ಇತ್ತು. ಭೌತಶಾಸ್ತ್ರದವನಾದ ನನಗೆ ಅಲ್ಲಿ ನೇರವಾದ ಕೆಲಸವೇನೂ ಇರಲಿಲ್ಲ. ಬೆಳಕಿನ ಹೀರಿಕೆಯ ಅಳತೆಗಳನ್ನು ನೋಡಲು ಒಬ್ಬರು ಬೇಕೆಂದು ಕರೆದಿದ್ದರು, ಹೋಗಿ ಕುಳಿತೆ. ವಿದ್ಯಾರ್ಥಿನಿಯೊಬ್ಬರು ನೆಲನೆಲ್ಲಿಯ ಸಾರದ ಮೇಲೆ ಮಾಡಿದ ಕೆಲಸವನ್ನು ಮಂಡಿಸಿದರು. ಕಾಮಾಲೆಗೆ ನಮ್ಮ ಹಳ್ಳಿಗಳಲ್ಲಿ ಅರೆದು ಕೊಡುವ ಅದೇ ನೆಲನೆಲ್ಲಿ. ಅವರ ಪ್ರಬಂಧದ ತಿರುಳೆಲ್ಲ ಒಂದು ನಕ್ಷೆಯಲ್ಲಿತ್ತು. ಸಾರದ ಪ್ರಮಾಣ ಹೆಚ್ಚಿದಂತೆ 'ಹೆಪ್ ಜಿ2' ಎಂಬ ಯಕೃತ್ತಿನ ಕ್ಯಾನ್ಸರ್ ಕೋಶಗಳು ಸಾಯುತ್ತಾ ಹೋಗುತ್ತವೆ, 'ಚಾಂಗ್ ಲಿವರ್' ಎಂಬ ಸಾಮಾನ್ಯ ಯಕೃತ್ತಿನ ಕೋಶಗಳು ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತವೆ. ಆದ್ದರಿಂದ ಈ ಸಾರ ಕ್ಯಾನ್ಸರನ್ನು ಕೊಲ್ಲುತ್ತದೆ, ಆರೋಗ್ಯವಂತ ಯಕೃತ್ತಿಗೆ ತೊಂದರೆ ಮಾಡುವುದಿಲ್ಲ ಎಂಬುದು ತೀರ್ಮಾನ.

ನನಗೆ ತಿಳಿದ ಪ್ರಶ್ನೆ ಒಂದೇ ಇತ್ತು, ಅದನ್ನೇ ಕೇಳಿದೆ. "ಎರಡನೆಯ ಸೀಸೆಯಲ್ಲಿ ಇರುವುದು ಯಕೃತ್ತಿನ ಕೋಶ ಎಂದು ನಿಮಗೆ ಹೇಗೆ ಗೊತ್ತಮ್ಮಾ?"

"ಸೀಸೆಯ ಮೇಲೆ ಹಾಗೇ ಬರೆದಿದೆ ಸರ್" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂಕ ಕೊಟ್ಟು, ಸಹಿ ಹಾಕಿ ಬಂದೆ. ಮನೆಗೆ ಬಂದ ಮೇಲೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಸ್ವಲ್ಪ ಓದಿದೆ. ಓದುತ್ತಾ ಹೋದಂತೆ ಆ ನಗುವಿನ ಬಗ್ಗೆ ನಾಚಿಕೆಯಾಯಿತು. ಈ ಲೇಖನ ಆ ವಿದ್ಯಾರ್ಥಿನಿಯ ಟೀಕೆಯಲ್ಲ. ಆಕೆ ಅಳೆದದ್ದನ್ನು ಸರಿಯಾಗಿಯೇ ಅಳೆದಿದ್ದರು. ಉಪಕರಣ ಯಾವುದೆಂದು ಕೇಳದೆ ಅಳತೆಯನ್ನು ಒಪ್ಪಿಕೊಳ್ಳುವ ನಮ್ಮೆಲ್ಲರ, ಅಂದರೆ ಮಾರ್ಗದರ್ಶಕರ, ಪರೀಕ್ಷಕರ, ಪತ್ರಿಕೆಗಳ ಅಭ್ಯಾಸದ ಬಗ್ಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಪಿತ್ತಜನಕಾಂಗ ಅಥವಾ ಯಕೃತ್ತು ದೇಹದೊಳಗೆ ಅದ್ಭುತವಾಗಿ ಬೆಳೆಯುವ ಅಂಗ. ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗ ಕೆಲವೇ ದಿನಗಳಲ್ಲಿ ಮೊದಲಿನ ತೂಕಕ್ಕೆ ಬೆಳೆಯುವುದನ್ನು ಹಿಗಿನ್ಸ್ ಮತ್ತು ಆಂಡರ್ಸನ್ 1931ರಲ್ಲಿಯೇ ವಿವರಿಸಿದರು. ಅದೇ ಕೋಶಗಳನ್ನು ಕೊಲಾಜಿನೇಸ್ ಎಂಬ ಕಿಣ್ವದಿಂದ ಬಿಡಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಟ್ಟರೆ ಕತೆ ಬೇರೆ. ಅವು ತಟ್ಟೆಗೆ ಅಂಟಿಕೊಳ್ಳುತ್ತವೆ, ಆದರೆ ವಿಭಜಿಸುವುದಿಲ್ಲ ಎನ್ನಬಹುದು. ಕೆಲವೇ ದಿನಗಳಲ್ಲಿ ಯಕೃತ್ತಿನ ಗುಣಗಳನ್ನೇ ಕಳೆದುಕೊಳ್ಳುತ್ತವೆ. ಔಷಧಿಗಳನ್ನು ಒಡೆಯುವ ಕಿಣ್ವಗಳು ಮೊದಲು ಮಾಯವಾಗುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕಿನಿಂದಲೋ ಕಸಿಗೆ ಬಳಸಲಾಗದ ಯಕೃತ್ತಿನಿಂದಲೋ ಇಂತಹ ಕೋಶಗಳು ಸಿಗಬೇಕು. ಒಬ್ಬರ ಕೋಶದಂತೆ ಇನ್ನೊಬ್ಬರದು ಇರುವುದಿಲ್ಲ. ಬೆಲೆಯೂ ನಮ್ಮ ಕಾಲೇಜುಗಳ ಕೈಗೆ ಎಟುಕುವುದಲ್ಲ.

ಆದ್ದರಿಂದ ಸಂಶೋಧಕರು ಎಂದೂ ನಿಲ್ಲದೆ ವಿಭಜಿಸುವ ಕೋಶಗಳ ಮೊರೆ ಹೋದರು. ತಲೆಮಾರಿನಿಂದ ತಲೆಮಾರಿಗೆ ಪಾತ್ರೆಯಲ್ಲಿಯೇ ಮುಂದುವರಿಯುವ ಇಂತಹ ಸಂತತಿಗೆ ಸೆಲ್ ಲೈನ್ ಎನ್ನುತ್ತಾರೆ. ನಾವು ಕೋಶವಂಶ ಎನ್ನೋಣ. ಇದನ್ನು ಬೆಳೆಸುವ ವಿಧಾನ ಕಷ್ಟದ್ದಲ್ಲ. ಲವಣ, ಸಕ್ಕರೆ, ಅಮೈನೋ ಆಮ್ಲಗಳಿರುವ ದ್ರವಕ್ಕೆ ಶೇಕಡಾ 10ರಷ್ಟು ಗರ್ಭಸ್ಥ ಕರುವಿನ ಸೀರಮ್ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 5 ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ತಳ ತುಂಬಿದಾಗ ಟ್ರಿಪ್ಸಿನ್ ಹಾಕಿ ಬಿಡಿಸಿ ಹೊಸ ಸೀಸೆಗಳಿಗೆ ಹಂಚುತ್ತಾರೆ. ಹೆಚ್ಚಾದದ್ದನ್ನು ದ್ರವ ಸಾರಜನಕದಲ್ಲಿ ಇಡುತ್ತಾರೆ. ತೊಂದರೆ ಇರುವುದು ವಿಧಾನದಲ್ಲಲ್ಲ, ವಂಶಾವಳಿಯಲ್ಲಿ.

1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಯಿಂದ ಒಂದು ಚೂರು ತೆಗೆದರು. ಆಕೆಯನ್ನು ಯಾರೂ ಕೇಳಲಿಲ್ಲ. ಆಕೆ ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ಆ ಕೋಶಗಳು ಬೆಳೆಯುತ್ತಲೇ ಹೋದವು. ಇವೇ ಹೀಲಾ ಕೋಶಗಳು. ಗೈ ಅವುಗಳನ್ನು ಕೇಳಿದವರಿಗೆಲ್ಲ ಕಳಿಸಿಕೊಟ್ಟರು. 1954ರಲ್ಲಿ ಚಾಂಗ್ ಎಂಬ ವಿಜ್ಞಾನಿ ಸಾಮಾನ್ಯ ಮಾನವ ಅಂಗಾಂಶಗಳಿಂದ ನಿರಂತರವಾಗಿ ಬೆಳೆಯುವ ಕೋಶಗಳು ದೊರೆತಿವೆ ಎಂದು ವರದಿ ಮಾಡಿದರು. ಅವುಗಳಲ್ಲಿ ಒಂದು ಯಕೃತ್ತಿನದು.

1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ ಪೆನ್ಸಿಲ್ವೇನಿಯಾದ ಬೆಡ್‌ಫರ್ಡ್‌ನ ಸಮ್ಮೇಳನವೊಂದರಲ್ಲಿ ಎದ್ದು ನಿಂತು ಒಂದು ಅಹಿತಕರ ಸಂಗತಿ ಹೇಳಿದರು. ಬೇರೆ ಬೇರೆ ಜನರ ಬೇರೆ ಬೇರೆ ಅಂಗಗಳಿಂದ ಬಂದವು ಎಂದು ನಂಬಿದ್ದ 18 ಕೋಶವಂಶಗಳನ್ನು ಅವರು ಪರೀಕ್ಷಿಸಿದ್ದರು. ಒಂದು ಕಿಣ್ವ ಮನುಷ್ಯರಲ್ಲಿ ಎರಡು ಬಗೆಯಲ್ಲಿ ಇರುತ್ತದೆ, ಅದರಲ್ಲಿ 'ಎ' ಬಗೆ ಆಫ್ರಿಕಾ ಮೂಲದವರಲ್ಲಿ ಕಂಡುಬರುವಂಥದು. ಹದಿನೆಂಟರಲ್ಲಿ ಹದಿನೆಂಟೂ 'ಎ' ಬಗೆ. ಹೀಲಾ ಕೋಶಗಳೂ 'ಎ' ಬಗೆಯೇ. ಆ ಕೋಶವಂಶಗಳೆಲ್ಲ ಹೀಲಾ ಆಗಿ ಹೋಗಿದ್ದವು. ಕೇಳಿದವರಿಗೆ ಸಂತೋಷವಾಗಲಿಲ್ಲ. ವರ್ಷಗಟ್ಟಲೆ ದುಡಿದ ಕೋಶ ಬೇರೆಯದು ಎಂದರೆ ಯಾರಿಗೆ ಸಂತೋಷವಾದೀತು? 1970ರ ದಶಕದಲ್ಲಿ ವಾಲ್ಟರ್ ನೆಲ್ಸನ್-ರೀಸ್ ವರ್ಣತಂತುಗಳ ಪಟ್ಟಿಗಳನ್ನು ನೋಡಿ ಇಂತಹ ಕೋಶವಂಶಗಳ ಹೆಸರುಗಳನ್ನು ಬಹಿರಂಗವಾಗಿ ಪ್ರಕಟಿಸಿದಾಗಲೂ ಹಾಗೆಯೇ ಆಯಿತು.

ಇದು ಹೇಗೆ ಸಾಧ್ಯ ಎಂದು ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳಬಹುದು. ಲೆಕ್ಕ ಮಾಡಿ ತೋರಿಸಿ. ಹೀಲಾ ಸುಮಾರು 24 ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಮತ್ತೊಂದು ಕೋಶ 48 ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎನ್ನೋಣ. ಹಾಗಾದರೆ ಅವುಗಳ ಅನುಪಾತವೇ ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹತ್ತು ಲಕ್ಷ ಕೋಶಗಳ ನಡುವೆ ಪಿಪೆಟ್ಟಿನ ತುದಿಯಿಂದ ಒಂದೇ ಒಂದು ಹೀಲಾ ಕೋಶ ಬಿದ್ದಿದೆ. ಎರಡನ್ನು 20 ಬಾರಿ ಗುಣಿಸಿದರೆ ಸುಮಾರು ಹತ್ತು ಲಕ್ಷ. ಅಂದರೆ 40 ದಿನದಲ್ಲಿ ಎರಡೂ ಸಮ. ಇನ್ನು ಎರಡು ವಾರ ಕಳೆದರೆ ಹೀಲಾ 128 ಪಾಲು, ಮೂಲ ಕೋಶ ಒಂದು ಪಾಲು. ಪ್ರತಿ ಸಲವೂ ಹಂಚುವಾಗ ಸ್ವಲ್ಪವನ್ನು ಮಾತ್ರ ಮುಂದಕ್ಕೆ ಒಯ್ಯುವುದರಿಂದ ಮೂಲ ಕೋಶ ಬೇಗನೆ ನಿರ್ನಾಮವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಬೆಳೆ ಚೆನ್ನಾಗಿ ಬರುತ್ತಿದೆ ಎಂದಷ್ಟೇ ಕಾಣುತ್ತದೆ. ಹೊಲದಲ್ಲಾದರೆ ಕಳೆ ಯಾವುದು, ಪೈರು ಯಾವುದು ಎಂದು ರೈತನಿಗೆ ಗೊತ್ತಾಗುತ್ತದೆ. ಇಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಇಂದು ಡಿಎನ್‌ಎಯ ಮರುಕಳಿಸುವ ಚಿಕ್ಕ ತುಣುಕುಗಳನ್ನು ಎಣಿಸಿ ಕೋಶದ ಗುರುತು ಹಿಡಿಯುತ್ತಾರೆ. ಎಸ್‌ಟಿಆರ್ ಪರೀಕ್ಷೆ ಎಂದು ಇದರ ಹೆಸರು, ಅಪರಾಧ ಪತ್ತೆಯಲ್ಲಿ ಬಳಸುವ ತತ್ವವೇ. ಈ ಪರೀಕ್ಷೆಯಲ್ಲಿ ಚಾಂಗ್ ಲಿವರ್ ಎಂಬುದು ಹೀಲಾ. ಭ್ರೂಣದ ಯಕೃತ್ತಿನದು ಎನ್ನುವ 'ಡಬ್ಲ್ಯುಆರ್‌ಎಲ್ 68' ಕೂಡ ಹೀಲಾ. ಚೀನಾದಲ್ಲಿ ಸಾಮಾನ್ಯ ಯಕೃತ್ತಿನ ಕೋಶವೆಂದು ಬಹಳ ಬಳಕೆಯಾದ 'ಎಲ್-02' ಕೂಡ ಹೀಲಾ. ತಪ್ಪು ಗುರುತಿನ ಕೋಶವಂಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈಗ 500ಕ್ಕೂ ಹೆಚ್ಚು ಹೆಸರುಗಳಿವೆ. ಇಂತಹ ಕೋಶಗಳನ್ನು ಬಳಸಿದ 32,755 ಲೇಖನಗಳನ್ನು ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು 2017ರಲ್ಲಿ ಎಣಿಸಿದರು. ಪಟ್ಟಿ ಯಾರು ಬೇಕಾದರೂ ನೋಡಬಹುದಾದದ್ದು, ಹಣ ಕೊಡಬೇಕಿಲ್ಲ. ಆದರೂ ಚಾಂಗ್ ಲಿವರ್ ಹೆಸರಿನಲ್ಲಿ ಪ್ರಬಂಧಗಳು ಬರುತ್ತಲೇ ಇವೆ. ಅದರಲ್ಲಿ ಒಂದಕ್ಕೆ ನನ್ನ ಸಹಿಯೂ ಇದೆ.

ಈಗ ಆ ನಕ್ಷೆಗೆ ಮರಳೋಣ. ಎರಡು ರೇಖೆಗಳೂ ನಿಜ. ಆದರೆ ಸಾಮಾನ್ಯ ಯಕೃತ್ತು ಎಂಬ ರೇಖೆ ಗರ್ಭಕೊರಳಿನ ಕ್ಯಾನ್ಸರಿನದು. ಇಡೀ ಪ್ರಯೋಗದಲ್ಲಿ ಆರೋಗ್ಯವಂತ ಕೋಶ ಒಂದೂ ಇಲ್ಲ. ಎರಡು ಕ್ಯಾನ್ಸರುಗಳು ಒಂದು ಸಾರಕ್ಕೆ ಬೇರೆ ಬೇರೆ ರೀತಿ ಪ್ರತಿಕ್ರಿಯಿಸುತ್ತವೆ ಎಂದು ಹೇಳಬಹುದು, ಅಷ್ಟೇ. ಯಕೃತ್ತಿಗೆ ಸುರಕ್ಷಿತ ಎಂಬ ಮಾತಿಗೆ ಅಲ್ಲಿ ಆಧಾರವೇ ಇಲ್ಲ. ಆದರೆ ಪತ್ರಿಕೆಗಳ ಮೂಲಕ ಜನರಿಗೆ ತಲುಪುವುದು ಆ ಮಾತೇ.

ಇನ್ನೊಂದು ರೇಖೆಯಾದ ಹೆಪ್ ಜಿ2 ಸುದ್ದಿಗೆ ಬರೋಣ. ಇದು ನಿಜವಾಗಿಯೂ ಯಕೃತ್ತಿನದೇ. ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಗಡ್ಡೆಯಿಂದ ಬಂದ ಈ ಕೋಶವಂಶವನ್ನು ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಸಂಶೋಧಕರು 1979ರಲ್ಲಿ ಪ್ರಕಟಿಸಿದರು. ಆಲ್ಬುಮಿನ್, ಫೈಬ್ರಿನೋಜನ್, ಟ್ರಾನ್ಸ್‌ಫೆರಿನ್ ಮುಂತಾದ ರಕ್ತದ ಪ್ರೋಟೀನುಗಳನ್ನು ಅದು ತಯಾರಿಸುತ್ತದೆ. ಯಕೃತ್ತು ಕೊಬ್ಬನ್ನು ಹೇಗೆ ಸಾಗಿಸುತ್ತದೆ, ಪ್ರೋಟೀನನ್ನು ಹೇಗೆ ಹೊರಹಾಕುತ್ತದೆ ಎಂಬ ವಿಷಯಗಳಲ್ಲಿ ಬಹಳಷ್ಟು ಜ್ಞಾನ ಇದರಿಂದ ಬಂದಿದೆ. ಆದರೆ ಇದಕ್ಕೂ ಮೂವತ್ತು ವರ್ಷ ತಪ್ಪು ಹಣೆಪಟ್ಟಿ ಇತ್ತು. ವಯಸ್ಕರಲ್ಲಿ ಬರುವ ಸಾಮಾನ್ಯ ಯಕೃತ್ ಕ್ಯಾನ್ಸರ್ ಎಂದು ಕರೆಯುತ್ತಿದ್ದ ಅದು ಮಕ್ಕಳಲ್ಲಿ ಬರುವ ಹೆಪಟೊಬ್ಲಾಸ್ಟೊಮಾ ಎಂದು 2009ರಲ್ಲಿ ಸ್ಪಷ್ಟವಾಯಿತು. ಅದರ ವರ್ಣತಂತುಗಳು 46 ಅಲ್ಲ, ಸಾಮಾನ್ಯವಾಗಿ 55ರ ಆಸುಪಾಸು.

ಹೆಪ್ ಜಿ2ರ ದೊಡ್ಡ ಕೊರತೆ ಔಷಧಿಗಳನ್ನು ಮಾರ್ಪಡಿಸುವ ಕಿಣ್ವಗಳಲ್ಲಿದೆ. ಪ್ಯಾರಾಸಿಟಮಾಲ್ ಉದಾಹರಣೆ ತೆಗೆದುಕೊಳ್ಳಿ. ಈ ಮಾತ್ರೆ ತಾನಾಗಿ ವಿಷವಲ್ಲ. ಯಕೃತ್ತಿನ ಸೈಟೋಕ್ರೋಮ್ ಪಿ450 ಗುಂಪಿನ ಕಿಣ್ವಗಳು, ಮುಖ್ಯವಾಗಿ 2ಇ1 ಎಂಬುದು, ಅದರ ಒಂದು ಪಾಲನ್ನು ತೀವ್ರವಾಗಿ ವರ್ತಿಸುವ ವಸ್ತುವಾಗಿ ಬದಲಾಯಿಸುತ್ತವೆ. ಗ್ಲುಟಾಥಯೋನ್ ಎಂಬ ಅಣು ಅದನ್ನು ಹಿಡಿದು ನಿರಪಾಯ ಮಾಡುತ್ತದೆ. ಮಾತ್ರೆ ಮಿತಿ ಮೀರಿದರೆ ಗ್ಲುಟಾಥಯೋನ್ ಮುಗಿಯುತ್ತದೆ, ಯಕೃತ್ತಿನ ಕೋಶ ಸಾಯುತ್ತದೆ. ಹೆಪ್ ಜಿ2ರಲ್ಲಿ 2ಇ1 ತೀರಾ ಕಡಿಮೆ. ವಿಷವೇ ತಯಾರಾಗುವುದಿಲ್ಲ. ಆದ್ದರಿಂದ ಮನುಷ್ಯನ ಯಕೃತ್ತನ್ನು ಕೆಡಿಸುವ ಬಗೆಯಲ್ಲಿ ಪ್ಯಾರಾಸಿಟಮಾಲ್ ಆ ಕೋಶವನ್ನು ಕೆಡಿಸುವುದಿಲ್ಲ. ಕೇವಲ ಈ ಕೋಶವನ್ನು ನಂಬಿದ್ದರೆ ಲೋಕದ ಅತಿ ಪರಿಚಿತ ಯಕೃತ್ ವಿಷಗಳಲ್ಲಿ ಒಂದು ನಮ್ಮ ಕಣ್ಣು ತಪ್ಪಿಸಿಕೊಳ್ಳುತ್ತಿತ್ತು. ಅದೇ ಕೋಶಕ್ಕೆ 2ಇ1ರ ವಂಶವಾಹಿಯನ್ನು ಸೇರಿಸಿದರೆ ಪ್ಯಾರಾಸಿಟಮಾಲ್‌ಗೆ ಬಲಿಯಾಗುತ್ತದೆ.

ಸಕ್ಕರೆಯ ವಿಚಾರ ನನಗೆ ಇನ್ನೂ ಆಶ್ಚರ್ಯ ತಂದಿತು. ಅನೇಕ ಪ್ರಯೋಗಾಲಯಗಳು ಬಳಸುವ ಕೃಷಿದ್ರವದಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುತ್ತದೆ. ಇದನ್ನು ರಕ್ತಪರೀಕ್ಷೆಯ ಲೆಕ್ಕಕ್ಕೆ ತನ್ನಿ: 100 ಮಿಲಿಲೀಟರಿಗೆ 450 ಮಿಲಿಗ್ರಾಂ. ಬರಿಹೊಟ್ಟೆಯಲ್ಲಿ ಇದು 100ರ ಒಳಗಿರಬೇಕು ಎಂದು ನಮ್ಮಲ್ಲಿ ಮನೆಮನೆಗೂ ಗೊತ್ತು. 450 ಬಂದರೆ ಆಸ್ಪತ್ರೆಗೆ ಓಡುತ್ತೇವೆ. ಇಷ್ಟು ಸಕ್ಕರೆ ಇರುವಾಗ ಕ್ಯಾನ್ಸರ್ ಕೋಶ ಮೈಟೊಕಾಂಡ್ರಿಯಾದ ಗೊಡವೆಗೆ ಹೆಚ್ಚು ಹೋಗದೆ ಸಕ್ಕರೆಯನ್ನು ಅರ್ಧ ಒಡೆದೇ ಜೀವನ ಮಾಡುತ್ತದೆ. ಆಗ ಮೈಟೊಕಾಂಡ್ರಿಯಾವನ್ನು ಕೆಡಿಸುವ ಔಷಧಿ ಹಾಕಿದರೂ ಅದಕ್ಕೆ ತಟ್ಟುವುದಿಲ್ಲ. ಗ್ಲೂಕೋಸ್ ತೆಗೆದು ಗ್ಯಾಲಕ್ಟೋಸ್ ಕೊಟ್ಟರೆ ಹೆಪ್ ಜಿ2 ಮೈಟೊಕಾಂಡ್ರಿಯಾವನ್ನೇ ಅವಲಂಬಿಸಬೇಕಾಗುತ್ತದೆ, ವಿಷ ತಕ್ಷಣ ಬೆಳಕಿಗೆ ಬರುತ್ತದೆ ಎಂದು 2007ರಲ್ಲಿ ತೋರಿಸಿದರು. ಕೋಶ ಅದೇ, ಔಷಧಿ ಅದೇ, ಬದಲಾದದ್ದು ಸಕ್ಕರೆ ಮಾತ್ರ.

ಇದು ಪುಸ್ತಕದ ಬದನೆಕಾಯಿ ಎಂದು ತಿಳಿಯಬೇಡಿ. 1993ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿ ರೋಗಕ್ಕೆ ಫಿಯಾಲುರಿಡಿನ್ ಎಂಬ ಔಷಧಿಯನ್ನು 15 ಜನರ ಮೇಲೆ ಪರೀಕ್ಷಿಸುತ್ತಿದ್ದರು. ಅದು ಮೈಟೊಕಾಂಡ್ರಿಯಾವನ್ನು ನಿಧಾನವಾಗಿ ಕೆಡಿಸುವ ಔಷಧಿ. ಅದಕ್ಕೆ ಮೊದಲು ಪ್ರಾಣಿಗಳಲ್ಲಿ ಮಾಡಿದ ಪರೀಕ್ಷೆಗಳು ಎಚ್ಚರಿಕೆ ಕೊಟ್ಟಿರಲಿಲ್ಲ. ಏಳು ಜನರ ಯಕೃತ್ತು ಕೈಕೊಟ್ಟಿತು, ಐವರು ಸತ್ತರು, ಇಬ್ಬರು ಯಕೃತ್ತಿನ ಕಸಿಯಿಂದ ಉಳಿದರು. ಮಾನವ ಯಕೃತ್ತಿನ ನಂಬಬಹುದಾದ ಮಾದರಿ ಏಕೆ ಬೇಕು ಎಂಬುದಕ್ಕೆ ಬೇರೆ ಕಾರಣ ಬೇಡ.

ಭೌತಶಾಸ್ತ್ರದವನ ಚಪಲಕ್ಕೆ ಇನ್ನೊಂದು ಲೆಕ್ಕ. ತಟ್ಟೆಯ ತಳದಲ್ಲಿರುವ ಕೋಶಕ್ಕೆ ಆಮ್ಲಜನಕ ಎಷ್ಟು ಸಿಗುತ್ತದೆ? ಮೇಲಿನ ಗಾಳಿಯಿಂದ ದ್ರವದೊಳಗೆ ವಿಸರಣೆಯ ಮೂಲಕವೇ ಅದು ಇಳಿಯಬೇಕು. ನೀರಿನಲ್ಲಿ ಆಮ್ಲಜನಕದ ವಿಸರಣಾಂಕ ಸೆಕೆಂಡಿಗೆ ಸುಮಾರು 3×10⁻⁹ ಚದರ ಮೀಟರ್. ಕರಗಿರುವ ಆಮ್ಲಜನಕ ಘನ ಮೀಟರಿಗೆ ಸುಮಾರು 0.2 ಮೋಲ್. ದ್ರವದ ಆಳ 2 ಮಿಲಿಮೀಟರ್ ಎನ್ನಿ. ಫಿಕ್‌ನ ನಿಯಮದಂತೆ ಗರಿಷ್ಠ ಪೂರೈಕೆ ಚದರ ಮೀಟರಿಗೆ ಸೆಕೆಂಡಿಗೆ 3×10⁻⁷ ಮೋಲ್. ಚದರ ಸೆಂಟಿಮೀಟರಿಗೆ ಒಂದು ಲಕ್ಷ ಕೋಶ, ಅಂದರೆ ಚದರ ಮೀಟರಿಗೆ 10⁹ ಕೋಶ ಇದ್ದರೆ, ಒಂದು ಕೋಶದ ಪಾಲಿಗೆ ಸೆಕೆಂಡಿಗೆ 3×10⁻¹⁶ ಮೋಲ್. ತಾಜಾ ಯಕೃತ್ತಿನ ಕೋಶಕ್ಕೆ ಬೇಕಾದದ್ದು ಸುಮಾರು 3×10⁻¹⁶ರಿಂದ 9×10⁻¹⁶ ಮೋಲ್. ಪೂರೈಕೆ ಬೇಡಿಕೆಯ ಕೆಳ ಅಂಚಿನಲ್ಲಿದೆ. ದ್ರವವನ್ನು ಸ್ವಲ್ಪ ಜಾಸ್ತಿ ಸುರಿದು ಆಳವನ್ನು 4 ಮಿಲಿಮೀಟರ್ ಮಾಡಿದರೆ ಪೂರೈಕೆ ಅರ್ಧಕ್ಕೆ ಇಳಿಯಿತು. ಪ್ರಬಂಧಗಳಲ್ಲಿ ದ್ರವದ ಹೆಸರು, ಕಂಪನಿ ಎಲ್ಲ ಬರೆಯುತ್ತಾರೆ, ಆಳ ಬರೆದದ್ದನ್ನು ನಾನು ಕಂಡಿಲ್ಲ. ಪಿಯುಸಿಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟ ದಿನವೇ ಶೂನ್ಯ ದೋಷ ನೋಡು ಎನ್ನುತ್ತೇವೆ. ಕೋಶದ ಶೂನ್ಯ ದೋಷ ಎಲ್ಲಿದೆ ಎಂದು ಎಂ.ಎಸ್ಸಿ. ಮುಗಿಯುವವರೆಗೂ ಹೇಳುವುದಿಲ್ಲ.

ಹಾಗಾದರೆ ಕೋಶವಂಶಗಳನ್ನು ಎಸೆದುಬಿಡೋಣವೇ? ಖಂಡಿತ ಬೇಡ. ಕೊರತೆಯನ್ನು ಅರಿತು ಬಳಸಿದವರು ಅವುಗಳಿಂದ ಏನು ಪಡೆದಿದ್ದಾರೆ ನೋಡಿ. ಹೆಪಟೈಟಿಸ್ ಸಿ ವೈರಸ್ 1989ರಲ್ಲಿ ಪತ್ತೆಯಾದರೂ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗುತ್ತಿರಲಿಲ್ಲ. 'ಹು-7' ಎಂಬ ಕೋಶವಂಶ ಜಪಾನಿನ ರೋಗಿಯೊಬ್ಬರ ಯಕೃತ್ ಕ್ಯಾನ್ಸರಿನಿಂದ ಬಂದದ್ದು, 1982ರಲ್ಲಿ ಪ್ರಕಟವಾದದ್ದು. 1999ರಲ್ಲಿ ಜರ್ಮನಿಯಲ್ಲಿ ಬಾರ್ಟೆನ್‌ಷ್ಲಾಗರ್ ಅವರ ತಂಡ ಆ ಕೋಶದೊಳಗೆ ವೈರಸ್ಸಿನ ಆರ್‌ಎನ್‌ಎ ತನ್ನನ್ನು ತಾನೇ ನಕಲು ಮಾಡಿಕೊಳ್ಳುವಂತೆ ಮಾಡಿತು. 2005ರಲ್ಲಿ ಪೂರ್ಣ ವೈರಸ್ಸೇ ಅದರಲ್ಲಿ ಬೆಳೆಯಿತು. ವೈರಸ್ಸನ್ನು ತಡೆಯುವ ಮಾತ್ರೆಗಳ ಹುಡುಕಾಟಕ್ಕೆ ಇದು ದಾರಿ ಮಾಡಿತು. ಇಂದು ಸಾಮಾನ್ಯವಾಗಿ 8ರಿಂದ 12 ವಾರ ಮಾತ್ರೆ ನುಂಗಿದರೆ ಬಹುತೇಕ ರೋಗಿಗಳು ಗುಣವಾಗುತ್ತಾರೆ. ಹು-7ರಿಂದ ಆರಿಸಿದ ಒಂದು ಉಪವಂಶದಲ್ಲಿ ವೈರಸ್ ಇನ್ನೂ ಹುಲುಸಾಗಿ ಬೆಳೆಯುವುದಕ್ಕೆ ಒಂದು ಕಾರಣ, ವೈರಸ್ಸನ್ನು ಗುರುತಿಸುವ ಕಾವಲುಗಾರ ಪ್ರೋಟೀನೊಂದು ಅದರಲ್ಲಿ ಕೆಟ್ಟಿರುವುದು. ಇಲ್ಲಿ ಕೋಶದ ದೋಷವೇ ಉಪಯೋಗಕ್ಕೆ ಬಂತು.

ನನಗೆ ಇನ್ನೂ ಹಿಡಿಸಿದ್ದು ಹೆಪಟೈಟಿಸ್ ಬಿ ಪ್ರಸಂಗ. ಈ ವೈರಸ್ ಯಕೃತ್ತಿಗೆ ನುಗ್ಗುತ್ತದೆ, ಆದರೆ ಹೆಪ್ ಜಿ2ಕ್ಕೆ ಹೊರಗಿನಿಂದ ತಗಲುವುದಿಲ್ಲ. ಇದನ್ನು ಬಹಳ ಕಾಲ ಆ ಕೋಶದ ಅಪ್ರಯೋಜಕತೆ ಎಂದೇ ಎಣಿಸಿದ್ದರು. ಬೀಜಿಂಗ್‌ನ ವೆನ್‌ಹುಯಿ ಲಿ ಮತ್ತು ಸಂಗಡಿಗರು ಪಿತ್ತಲವಣಗಳನ್ನು ಕೋಶದೊಳಗೆ ಸಾಗಿಸುವ ಎನ್‌ಟಿಸಿಪಿ ಎಂಬ ಪ್ರೋಟೀನೇ ವೈರಸ್ಸಿನ ಬಾಗಿಲು ಎಂದು 2012ರಲ್ಲಿ ತೋರಿಸಿದರು. ಆ ಬಾಗಿಲು ಹೆಪ್ ಜಿ2ರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಸೇರಿಸಿದರು, ವೈರಸ್ ಒಳಗೆ ಬಂತು. ಏನು ಇಲ್ಲ ಎಂದು ಗೊತ್ತಿದ್ದರಿಂದಲೇ ಆ ಪ್ರಯೋಗಕ್ಕೆ ಅರ್ಥ ಬಂತು. ಔಷಧ ಕಿಣ್ವಗಳ ಅಧ್ಯಯನಕ್ಕೆ ಫ್ರಾನ್ಸಿನಲ್ಲಿ ರೂಪುಗೊಂಡು 2002ರಲ್ಲಿ ಪ್ರಕಟವಾದ 'ಹೆಪಾ ಆರ್‌ಜಿ' ಇದೆ. ಸುಮಾರು ನಾಲ್ಕು ವಾರ ತಾಳ್ಮೆಯಿಂದ ಬೆಳೆಸಿದರೆ ಅದು ಈ ಕಿಣ್ವಗಳನ್ನು ಚೆನ್ನಾಗಿ ತಯಾರಿಸುತ್ತದೆ. ಕಾಂಡಕೋಶಗಳಿಂದ ಮಾಡಿದ ಯಕೃತ್ ಕೋಶಗಳು, ಉಂಡೆಯಾಗಿ ಬೆಳೆಸುವ ವಿಧಾನಗಳು ಕೂಡ ಬಂದಿವೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ನಮ್ಮ ದೇಶದಲ್ಲಿ ಕೋಶಗಳನ್ನು ಪಡೆಯಲು ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದಂತಹ ಭಂಡಾರವಿದೆ. ಆದರೂ ಪಕ್ಕದ ಪ್ರಯೋಗಾಲಯದ ಸ್ನೇಹಿತರಿಂದ ಒಂದು ಸೀಸೆ ತರುವ ರೂಢಿ ಹೋಗಿಲ್ಲ, ಮೊಸರಿಗೆ ಹೆಪ್ಪು ತಂದಂತೆ. ಸೀಸೆ ಎಲ್ಲಿಂದ ಬಂತು, ಎಷ್ಟನೆಯ ಹಂಚಿಕೆ, ಎಸ್‌ಟಿಆರ್ ವರದಿ ಇದೆಯೇ, ಮೈಕೋಪ್ಲಾಸ್ಮಾ ಪರೀಕ್ಷೆ ಆಗಿದೆಯೇ ಎಂದು ವೈವಾದಲ್ಲಿ ಕೇಳಿ. ಕೇಳುವುದಕ್ಕೆ ಜೀವಶಾಸ್ತ್ರದ ಪದವಿ ಬೇಕಿಲ್ಲ. ವಿದ್ಯಾರ್ಥಿಗಳು ಪ್ರಯೋಗ ಮುಗಿದ ಮೇಲಲ್ಲ, ಆರಂಭಿಸುವ ಮೊದಲೇ ತಪ್ಪು ಕೋಶಗಳ ಪಟ್ಟಿಯನ್ನು ನೋಡಲಿ. ಎರಡು ವರ್ಷದ ದುಡಿಮೆ ಹೋಗುವುದು ಅವರದು, ನಮ್ಮದಲ್ಲ.

ನಾನು ಓದಿದ್ದನ್ನೆಲ್ಲ ಆ ವಿದ್ಯಾರ್ಥಿನಿಗೆ ಬರೆದು ತಿಳಿಸಿದೆ. ಜೊತೆಗೆ ನನ್ನ ಕ್ಷೇತ್ರಕ್ಕೆ ಸೇರಿದ ಒಂದು ಅನುಮಾನವನ್ನೂ ಸೇರಿಸಿದೆ. ಆಕೆ ಬದುಕಿದ ಕೋಶಗಳನ್ನು ಎಣಿಸಿದ್ದು ಎಂಟಿಟಿ ಪರೀಕ್ಷೆಯಿಂದ. ಹಳದಿ ಬಣ್ಣದ ಎಂಟಿಟಿಯನ್ನು ಜೀವಂತ ಕೋಶಗಳು ಅಪಕರ್ಷಿಸಿ ನೇರಳೆ ಬಣ್ಣದ ಫಾರ್ಮಜಾನ್ ಮಾಡುತ್ತವೆ. 570 ನ್ಯಾನೋಮೀಟರ್ ಬೆಳಕಿನ ಹೀರಿಕೆ ಹೆಚ್ಚಿದಷ್ಟು ಕೋಶ ಹೆಚ್ಚು ಎಂದು ಲೆಕ್ಕ. ಆದರೆ ನೆಲನೆಲ್ಲಿಯಲ್ಲಿ ಟ್ಯಾನಿನ್‌ಗಳಿವೆ. ಇಂತಹ ವಸ್ತುಗಳು ಕೋಶದ ನೆರವಿಲ್ಲದೆ ತಾವೇ ಎಂಟಿಟಿಯನ್ನು ಅಪಕರ್ಷಿಸಬಲ್ಲವು. ಸತ್ತ ಕೋಶವೂ ಆಗ ಬದುಕಿದಂತೆ ಲೆಕ್ಕಕ್ಕೆ ಬರುತ್ತದೆ. ಕೋಶವೇ ಇಲ್ಲದ ಗುಳಿಗಳಲ್ಲಿ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನೋಡಿದ್ದೀರಾ ಎಂದು ಕೇಳಿದ್ದೆ. ಪ್ರಬಂಧದಲ್ಲಿ ಅದು ಇರಲಿಲ್ಲ.

ಎರಡು ವಾರದ ಮೇಲೆ ಫೋನ್ ಬಂತು. "ಸರ್, ಖಾಲಿ ಗುಳಿಗಳೂ ನೇರಳೆಯಾಗಿವೆ. ಹೆಚ್ಚಿನ ಪ್ರಮಾಣದಲ್ಲಿ ಚೆನ್ನಾಗಿಯೇ ಕಾಣುತ್ತದೆ" ಎಂದರು. ಈಗ ಆಕೆ ಪ್ರತಿ ಪ್ರಮಾಣಕ್ಕೂ ಆ ಹೀರಿಕೆಯನ್ನು ಕಳೆದು ಎರಡೂ ರೇಖೆಗಳನ್ನು ಹೊಸದಾಗಿ ಎಳೆಯುತ್ತಿದ್ದಾರೆ. ಎರಡನೆಯ ರೇಖೆಯ ಪಕ್ಕದಲ್ಲಿ 'ಹೀಲಾ' ಎಂದು ಬರೆದಿದ್ದಾರೆ.